ಅಪ್‌ಡೇಟ್: ಮಕ್ಕಳ ಜೊತೆ ಈಸ್ಟರ್ ಬೇಕಿಂಗ್, ಕೊನೆಗೆ ಕೈಹಿಡಿದದ್ದು ಮಾರ್ಷ್‌ಮ್ಯಾಲೋ ಬನ್

ಬೇಕಿಂಗ್ ಮಾಡ್ತಾ ಸಣ್ಣ ಮಕ್ಕಳಿಗೆ ಈಸ್ಟರ್ ಅರ್ಥ ಹೇಗೆ ತಿಳಿಸೋದು ಅಂತ ಕೇಳಿದ್ದೆನಲ್ಲ, ಹಬ್ಬ ಮುಗೀತು, ಏನಾಯ್ತು ಅಂತ ಹೇಳ್ತೀನಿ.

ಮಾರ್ಷ್‌ಮ್ಯಾಲೋ ಬನ್ ಹೇಳಿಕೊಟ್ಟ ಅಕ್ಕನಿಗೆ ತುಂಬಾ ಥ್ಯಾಂಕ್ಸ್. ಬಿಳಿ ಮಾರ್ಷ್‌ಮ್ಯಾಲೋನ (ಮೆತ್ತನೆಯ ಸಕ್ಕರೆ ಮಿಠಾಯಿ) ಬೆಣ್ಣೆಯಲ್ಲಿ ಅದ್ದಿ ದಾಲ್ಚಿನ್ನಿ ಸಕ್ಕರೆಯಲ್ಲಿ ಹೊರಳಿಸುವಾಗ, ಹೆಂಗಸರು ಸುಗಂಧದ್ರವ್ಯ ತಗೊಂಡು ಯೇಸುಸ್ವಾಮಿಯ ಸಮಾಧಿಗೆ ಹೋದ ಕಥೆ ಹೇಳಿದೆ (ಬೈಬಲ್‌ನ ಮಾರ್ಕ 16ನೇ ಅಧ್ಯಾಯ). ಹಿಟ್ಟಿನೊಳಗೆ ಮುಚ್ಚಿ 180 ಡಿಗ್ರಿಯಲ್ಲಿ ಬೇಯಿಸಿದ್ವಿ. ಮಗಳು ಬನ್ ಮುರಿದು ಒಳಗೆ ಬೆರಳು ಹಾಕಿ, "ಅಮ್ಮಾ, ಖಾಲಿ! ಯೇಸುಸ್ವಾಮಿ ಎದ್ದು ಹೋದ್ರು!" ಅಂದಳು. ನಾನು ಬಾಯಿ ತೆಗೆಯೋ ಮೊದಲೇ! ಮಾರ್ಷ್‌ಮ್ಯಾಲೋ ಕರಗಿ ಹಿಟ್ಟಿಗೆ ಇಳಿದು ಒಳಗೆ ಟೊಳ್ಳು ಉಳಿಯುತ್ತೆ. ಅಂಚು ಮಾತ್ರ ಗಟ್ಟಿಯಾಗಿ ಒತ್ತಿ ಮುಚ್ಚಿ, ಸಂದಿ ಇದ್ದರೆ ಪಾಕ ಸೋರಿ ಟ್ರೇಗೆ ಅಂಟುತ್ತೆ.

ಸಮಾಧಿ ಮುಚ್ಚಿದ ಹಾಗೆ ರಾತ್ರಿಯಿಡೀ ಓವನ್‌ನಲ್ಲಿ ಮುಚ್ಚಿಡೋ ಮೊಟ್ಟೆಬಿಳಿ ಕುಕ್ಕಿ ನಮ್ಮ ಕಾರವಾರಕ್ಕೆ ಆಗಿಬರಲಿಲ್ಲ. ಹೊರಗೆ ತೆಗೆದ ಸ್ವಲ್ಪ ಹೊತ್ತಿಗೇ ಕಡಲ ತೇವಕ್ಕೆ ಜಿಗುಟಾಯ್ತು. ಹಾಟ್ ಕ್ರಾಸ್ ಬನ್ (ಮೇಲೆ ಶಿಲುಬೆ ಗುರುತಿರೋ ಬನ್) ಶುಭ ಶುಕ್ರವಾರಕ್ಕೆ ಚೆನ್ನ, ಪುನರುತ್ಥಾನ ಹೇಳೋಕೆ ಸಾಲದು.

ಹೊಸದಾಗಿ ಗೊತ್ತಾಗಿದ್ದು: ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯೋದು) ಇರುತ್ತೆ. ಪಕ್ಕದ್ಮನೆ ಮಕ್ಕಳು ಸಸ್ಯಾಹಾರಿ, ಹಾಗಾಗಿ ಅವರಿಗೆ ಮೊಟ್ಟೆ ಹಾಕದ ಕ್ರಾಸ್ ಬನ್ ಕೊಟ್ವಿ.