ಓದುಗರ ಸ್ಪಂದನ: ಸಾವಿನ ಮನೆಗೆ ಏನನ್ನು ಕೊಂಡೊಯ್ಯಲಿ?

ತುಮಕೂರಿನ ಓದುಗರೊಬ್ಬರು ಕಳೆದ ಸಂಚಿಕೆಯಲ್ಲಿ ಹೀಗೆ ಬರೆದಿದ್ದರು: "ಕಾಲೇಜಿನ ದಿನಗಳಿಂದಲೂ ಜೊತೆಗಿರುವ ಗೆಳತಿಯ ಪತಿ ತಿಂಗಳ ಹಿಂದೆ ಹಠಾತ್ತನೆ ತೀರಿಕೊಂಡರು. ಐದನೆಯ ದಿನ ಮಾತಾಡಿಸಿಕೊಂಡು ಬರಲು ಹಣ್ಣಿನ ಚೀಲ ಹಿಡಿದು ಹೊರಟಾಗ, ಸಾವಿನ ಮನೆಗೆ ಹಣ್ಣು, ಹೂವು ಒಯ್ಯಬಾರದೆಂದು ಅತ್ತೆಯವರು ಬಾಗಿಲಲ್ಲೇ ತಡೆದರು. ಬರಿಗೈಯಲ್ಲಿ ಹೋಗಿ, ಅವಳ ಜೊತೆ ಅತ್ತು, ಬಂದುಬಿಟ್ಟೆ. ಅಂಗಡಿಗಳಲ್ಲಿ ವಿಚಾರಿಸಿದರೆ ಫೋಟೊ ಕಟ್ಟು, ಮೇಣದಬತ್ತಿ, ಒಣಹಣ್ಣಿನ ಪೆಟ್ಟಿಗೆ ತೋರಿಸುತ್ತಾರೆ. ಅವಳಿಗೆ ನಾನು ಏನು ಕೊಡಲಿ?" ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಶಿಕ್ಷಕಿ, ಮುಳಬಾಗಿಲು

ನಿಮ್ಮ ಅತ್ತೆಯವರು ತಡೆದದ್ದರಲ್ಲಿ ತಪ್ಪಿಲ್ಲ. ಹಿರಿಯರನ್ನು, ಬಾಣಂತಿಯನ್ನು, ದೇವರನ್ನು ನೋಡಲು ಬರಿಗೈಯಲ್ಲಿ ಹೋಗಬಾರದು ಎನ್ನುವ ನಮ್ಮ ಕಡೆಯವರೇ ಸಾವಿನ ಮನೆಗೆ ಏನನ್ನೂ ಹಿಡಿದು ಹೋಗಬಾರದು, ಹೊರಡುವಾಗ 'ಹೋಗಿ ಬರುತ್ತೇನೆ' ಎಂದೂ ಹೇಳಬಾರದು ಎನ್ನುತ್ತಾರೆ. ಆದರೆ ಆ ಕಟ್ಟಳೆಯೊಳಗೇ ಕೊಡುವುದಕ್ಕೆ ಬೇಕಾದಷ್ಟು ದಾರಿಗಳಿವೆ.

ನನ್ನ ಯಜಮಾನರು ಹೋಗಿ ಮೂರು ವರ್ಷವಾಯಿತು. ಆಗ ಮನೆಗೆ ಬಂದ ವಸ್ತುಗಳಲ್ಲಿ ಬಹಳಷ್ಟನ್ನು ಮರೆತಿದ್ದೇನೆ, ಎದುರು ಮನೆಯವರ ಸ್ಟೀಲ್ ಕ್ಯಾರಿಯರನ್ನು ಮಾತ್ರ ಮರೆತಿಲ್ಲ. ಸೂತಕದ ಮನೆಯಲ್ಲಿ ಒಗ್ಗರಣೆ ಸಲ್ಲದೆಂಬುದನ್ನು ನಮ್ಮ ಓರಗಿತ್ತಿಯನ್ನು ಕೇಳಿ ತಿಳಿದುಕೊಂಡು, ಮೊದಲ ಹತ್ತು ದಿನ ಆಕೆ ಬಿಸಿ ಅನ್ನ, ಒಗ್ಗರಣೆಯಿಲ್ಲದ ಮೆಣಸಿನ ಸಾರು, ಮೊಸರು ಇಷ್ಟನ್ನೇ ತಂದರು. ತಂದದ್ದನ್ನು ನಮ್ಮ ಪಾತ್ರೆಗಳಿಗೆ ತಾವೇ ಬಗ್ಗಿಸಿ, ಕ್ಯಾರಿಯರನ್ನು ನಮ್ಮ ನಲ್ಲಿಯಲ್ಲೇ ತೊಳೆದು, ಆಗಲೇ ತೆಗೆದುಕೊಂಡು ಹೋಗುತ್ತಿದ್ದರು. ಏಕೆಂದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ. ನೆರೆಯವರ ಪಾತ್ರೆಯನ್ನು ಬರಿದು ಮಾಡಿ ಹಿಂದಿರುಗಿಸಬಾರದು, ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ಕಲಿತು ಬೆಳೆದವರು ನಾವು; ಆ ಯೋಚನೆಯಷ್ಟೂ ನನ್ನ ತಲೆಗೆ ಬರದಿರಲಿ ಎಂದು ಆಕೆ ಪಾತ್ರೆಯನ್ನು ಬಿಟ್ಟುಹೋಗುತ್ತಲೇ ಇರಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು, ಶಾಮಿಯಾನ ಬಿಚ್ಚಿ, ಮಕ್ಕಳು ತಂತಮ್ಮ ಊರುಗಳಿಗೆ ಹೊರಟ ಮೇಲೆ ನಿಜವಾದ ಕಷ್ಟ ಶುರುವಾಯಿತು. ಒಬ್ಬಳಿಗೋಸ್ಕರ ಹಿಟ್ಟು ತೊಳಸಲು ಮನಸ್ಸು ಬಾರದೆ ಎಷ್ಟೋ ರಾತ್ರಿ ಮಜ್ಜಿಗೆ ಕುಡಿದು ಮಲಗಿದ್ದೇನೆ. ಅದನ್ನು ಹೇಗೆ ತಿಳಿದರೋ, ಎದುರು ಮನೆಯಾಕೆ ವಾರಕ್ಕೆರಡು ದಿನ ಮುದ್ದೆ, ಬಸ್ಸಾರು ತಂದು, ಇಬ್ಬರಿಗೂ ತಟ್ಟೆ ಹಾಕಿ, ನನ್ನ ಜೊತೆ ಕೂತು ಉಂಡು ಹೋಗತೊಡಗಿದರು. ನಿಮ್ಮ ಗೆಳತಿಗೆ ತಿಂಗಳಾಗಿದೆ ಎಂದಿದ್ದೀರಿ. ತಡವಾಯಿತೆಂದು ಕೊರಗಬೇಡಿ, ಬೇಕಾದ ಹೊತ್ತಿಗೇ ಕೇಳಿದ್ದೀರಿ.

ದೊಡ್ಡ ಫೋಟೊಗೆ ಕಟ್ಟು ಹಾಕಿಸಿ, ಗಂಧದ ಹಾರ ತೊಡಿಸಿ ತಂದುಕೊಟ್ಟ ಬಂಧುಗಳ ಪ್ರೀತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾರ ಹಾಕಿದ ಆ ಮುಖವನ್ನು ಎಂದಿನಿಂದ ನೋಡಬಲ್ಲೆವು, ಯಾವ ಗೋಡೆಗೆ ತೂಗುಹಾಕಬೇಕು ಎಂಬುದನ್ನು ಮನೆಯವರೇ ತೀರ್ಮಾನಿಸಬೇಕು. ಅದನ್ನು ದಯವಿಟ್ಟು ಒಯ್ಯಬೇಡಿ.

ಇನ್ನೊಂದು ಮಾತನ್ನು ಹೇಳಲೇಬೇಕು. ಸಂಕ್ರಾಂತಿ ಬಂದಾಗ ಎಳ್ಳು ಬೀರಲು ಹೊರಟರೆ ಆಕೆಯ ಮನೆಯನ್ನು ಬಿಟ್ಟುಹೋಗಬೇಡಿ. ಮೊದಲ ವರ್ಷ ಆ ಮನೆಯಲ್ಲಿ ಹಬ್ಬವಿರುವುದಿಲ್ಲ, ನಿಜ. ಎರಡನೆಯ ವರ್ಷವೂ, ಮೂರನೆಯ ವರ್ಷವೂ ಬಿಡುತ್ತಾರಲ್ಲ, ಅದು ಬೇರೆ. ನನ್ನ ಬಾಗಿಲನ್ನು ದಾಟಿಕೊಂಡು ಪಕ್ಕದ ಮನೆಗೆ ಹೋದ ಎಳ್ಳಿನ ತಟ್ಟೆಗಳನ್ನು ನಾನು ಕಿಟಕಿಯಿಂದ ನೋಡಿದ್ದೇನೆ.

ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ನಮ್ಮ ತಂದೆಯವರು ಕಣ್ಮುಚ್ಚಿದ ದಿನ ಮನೆಯಲ್ಲಿದ್ದ ಹುಳುಗಳು ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಕೊನೆಯ ಹಂತ, ಎದ್ದು ಎರಡು ದಿನವಾಗಿತ್ತು. ರೇಷ್ಮೆಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ಬಹುಪಾಲನ್ನು ಈ ಕೊನೆಯ ಒಂದು ವಾರದಲ್ಲೇ ತಿನ್ನುತ್ತದೆ. ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಬೆಳೆ ಕೈಬಿಟ್ಟ ಹಾಗೆಯೇ. ನಾವು ಮಣ್ಣು ಮಾಡಿ ಹಿಂದಿರುಗುವಷ್ಟರಲ್ಲಿ ಅಕ್ಕಪಕ್ಕದ ತೋಟದವರು ಯಾರನ್ನೂ ಕೇಳದೆ ನಮ್ಮ ಹಿಪ್ಪುನೇರಳೆ ಕಡಿದು ತಂದು ಸಂಜೆಯ ಸೊಪ್ಪು ಹಾಕಿದ್ದರು. ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ ಅವರ ಮನೆಯ ಹೆಂಗಸರು ಬಂದು ಒಂದೊಂದನ್ನೇ ಆರಿಸಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಿಕೆಗೆ ಬಿಟ್ಟರು. ಹನ್ನೊಂದನೆಯ ದಿನದ ತಿಥಿ ಕಳೆದ ಮೇಲೆ ಗೂಡು ಬಿಡಿಸಿ, ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿ, ಹರಾಜಿನ ಚೀಟಿಯನ್ನು ತಂದು ನಮ್ಮ ತಾಯಿಯ ಕೈಗೆ ಕೊಟ್ಟರು. ನಮ್ಮ ತಂದೆ ಮೇಯಿಸಿದ ಕೊನೆಯ ಬೆಳೆ ಅದು. ಆ ಚೀಟಿಯನ್ನು ತಾಯಿ ಇಂದಿಗೂ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ.

ತುಮಕೂರಿನಲ್ಲಿರುವ ನಿಮ್ಮ ಗೆಳತಿಯ ಮನೆಯಲ್ಲಿ ಹುಳು ಇರಲಾರದು, ಆದರೆ ಯಾರಿಗಾಗಿಯೂ ಕಾಯದ ಕೆಲಸ ಯಾವುದೋ ಒಂದು ಇದ್ದೇ ಇರುತ್ತದೆ. ಮಗುವನ್ನು ಶಾಲೆಗೆ ಬಿಡುವುದಿರಬಹುದು, ವಯಸ್ಸಾದ ಅತ್ತೆಯ ಔಷಧಿ ತರುವುದಿರಬಹುದು. ಅದು ಯಾವುದೆಂದು ಅವರ ಮನೆಯವರಿಂದ ತಿಳಿದುಕೊಂಡು ನಿಮ್ಮ ಪಾಲಿಗೆ ತೆಗೆದುಕೊಳ್ಳಿ.

ಓದುಗರೊಬ್ಬರು, ತಿಪಟೂರು

'ಏನಾದರೂ ಬೇಕಿದ್ದರೆ ಹೇಳು' ಎಂದು ಮಾತ್ರ ಹೇಳಬೇಡಿ. ದುಃಖದಲ್ಲಿರುವವರಿಗೆ ತಮಗೆ ಏನು ಬೇಕೆಂದು ಯೋಚಿಸುವುದೇ ಒಂದು ಕೆಲಸವಾಗುತ್ತದೆ.

ನನ್ನ ತಮ್ಮ ಅಪಘಾತದಲ್ಲಿ ಹೋದಾಗ ಸ್ನೇಹಿತನೊಬ್ಬ ಒಂದು ರಟ್ಟಿನ ಫೈಲು ತಂದುಕೊಟ್ಟ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕೆಂಬುದು ನಮಗಾರಿಗೂ ನೆನಪಿರಲಿಲ್ಲ. ಅವನು ಅದನ್ನು ಮಾಡಿಸಿ, ಮರಣ ಪ್ರಮಾಣಪತ್ರದ ಪ್ರತಿಗಳನ್ನು ಫೈಲಿನಲ್ಲಿ ಜೋಡಿಸಿ, ಬ್ಯಾಂಕು, ವಿಮೆ, ವಂಶವೃಕ್ಷ, ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆ ಎಂದು ಒಂದೊಂದಕ್ಕೂ ಬೇಕಾಗುವ ಕಾಗದಗಳನ್ನು ಬೇರೆ ಬೇರೆಯಾಗಿ ಬರೆದಿಟ್ಟಿದ್ದ. ಅದಕ್ಕಿಂತ ದೊಡ್ಡ ಉಪಕಾರ ಮತ್ತೊಂದಿದೆ. ಕಚೇರಿಗಳಲ್ಲಿ ಒಂದೊಂದು ಮೇಜಿನೆದುರೂ 'ತೀರಿಕೊಂಡವರು ಯಾರು?' ಎಂದು ಕೇಳುತ್ತಾರೆ. ಕೇಳುವವರದು ತಪ್ಪಲ್ಲ, ಆದರೆ 'ನನ್ನ ತಮ್ಮ' ಎನ್ನುವಾಗ ಪ್ರತಿಸಲವೂ ನನಗೆ ಗಂಟಲು ಕಟ್ಟುತ್ತಿತ್ತು. ಎರಡನೆಯ ಮೇಜಿನಿಂದಾಚೆಗೆ ನನ್ನ ಸ್ನೇಹಿತನೇ ಒಂದು ಹೆಜ್ಜೆ ಮುಂದೆ ನಿಂತು 'ಇವರ ತಮ್ಮ' ಎಂದು ಹೇಳತೊಡಗಿದ.

ಹಣದ ಅಗತ್ಯವಿದೆಯೆಂದು ನಿಮಗೆ ಖಚಿತವಾಗಿ ಗೊತ್ತಿದ್ದರೆ ಲಕೋಟೆಯಲ್ಲಿಟ್ಟು ಯಾರೂ ಇಲ್ಲದಾಗ ಕೊಡಿ. ಶುಭಕಾರ್ಯಕ್ಕೆ ಸೇರಿಸುವ ಆ ಒಂದು ರೂಪಾಯಿಯನ್ನು ಇಲ್ಲಿ ಸೇರಿಸುವುದು ಬೇಡ.

ಗೃಹಿಣಿ, ಚಿಂತಾಮಣಿ

ಒಂದೊಂದು ಮನೆಯ ಪದ್ಧತಿ ಒಂದೊಂದು ತೆರನಾಗಿರುವುದರಿಂದ ಮೊದಲು ಕೇಳಿಕೊಳ್ಳುವುದು ಒಳ್ಳೆಯದು. ನಮ್ಮ ಮುಸ್ಲಿಂ ಮನೆಗಳಲ್ಲಿ ಮೊದಲ ಮೂರು ದಿನ ಸಾವಿನ ಮನೆಗೆ ಊಟ ಕಳಿಸುವುದು ನೆಂಟರ, ನೆರೆಯವರ ಜವಾಬ್ದಾರಿ. ಪತಿಯನ್ನು ಕಳೆದುಕೊಂಡವರು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಪಾಲಿಸುತ್ತಾರೆ, ಅಗತ್ಯವಿಲ್ಲದೆ ಹೊರಗೆ ಬರುವುದಿಲ್ಲ. ನನ್ನ ಅಕ್ಕ ಇದ್ದತ್‌ನಲ್ಲಿದ್ದಾಗ ಪಕ್ಕದ ಬೀದಿಯ ಗೌರಮ್ಮನ ಗುಡಿಯ ಹತ್ತಿರದ ಹಿರಿಯಾಕೆಯೊಬ್ಬರು ಪ್ರತಿ ಶುಕ್ರವಾರ ಸಂಜೆ ಬಂದು ಅರ್ಧ ಗಂಟೆ ಕೂತು ಹೋಗುತ್ತಿದ್ದರು. ಏನನ್ನೂ ತರುತ್ತಿರಲಿಲ್ಲ. ಮಧ್ಯಾಹ್ನದಿಂದಲೇ ಅಕ್ಕ ಅವರ ದಾರಿ ನೋಡುತ್ತಿದ್ದಳು.

ಖಾಸಗಿ ಸಂಸ್ಥೆಯ ನೌಕರ, ತುಮಕೂರು

ತಂದೆಯವರು ತೀರಿಕೊಂಡಾಗ ಅವರ ಹೆಸರಿನಲ್ಲಿ ಸಿದ್ಧಗಂಗಾ ಮಠದ ದಾಸೋಹಕ್ಕೆ ಅಕ್ಕಿ ಕೊಟ್ಟವರಿದ್ದರು. ಮಕ್ಕಳು ಉಂಡರು ಎಂಬುದು ನಮ್ಮ ತಾಯಿಗೆ ನೆಮ್ಮದಿ ಕೊಟ್ಟಿತು. ನನಗೆ ಸಿಕ್ಕಿದ ಉಡುಗೊರೆ ಬೇರೆ.

ತಂದೆಯ ಹಳೆಯ ಸಹೋದ್ಯೋಗಿಯೊಬ್ಬರು ಸಮಾರಾಧನೆಯ ನಂತರ ಒಂದು ದಿನ ಬಂದು, ಅಂಟಿಸಿದ ಲಕೋಟೆಯೊಂದನ್ನು ಕೊಟ್ಟು, 'ಇದನ್ನು ಇವತ್ತೇ ನೋಡಬೇಕೆಂದೇನೂ ಇಲ್ಲ, ನೋಡಬೇಕೆನಿಸಿದಾಗ ನೋಡಪ್ಪ' ಎಂದು ಹೇಳಿ ಕಾಫಿಯನ್ನೂ ಕುಡಿಯದೆ ಹೋದರು. ನಾಲ್ಕು ತಿಂಗಳು ಅದನ್ನು ಬೀರುವಿನಲ್ಲಿಟ್ಟಿದ್ದೆ. ತೆರೆದಾಗ ಒಳಗಿದ್ದದ್ದು ಕಚೇರಿಯವರೆಲ್ಲ ನಾಮದ ಚಿಲುಮೆಗೆ ಹೋಗಿದ್ದಾಗ ತೆಗೆದ ಫೋಟೊ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಸಿಕೊಂಡು, ಮುತ್ತುಗದೆಲೆಯಲ್ಲಿ ಪುಳಿಯೋಗರೆ ಹಿಡಿದು, ತಂದೆ ಬಾಯಿ ತುಂಬ ನಗುತ್ತಿದ್ದಾರೆ. ಮನೆಯಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಫೋಟೊದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿತ್ತು: 'ಅವತ್ತು ನಿನಗೆ ಕೆಲಸ ಸಿಕ್ಕಿದ ಸುದ್ದಿ ಬಂದಿತ್ತು.'

ನಿಮ್ಮ ಹಳೆಯ ಮೊಬೈಲನ್ನು ತೆಗೆದು ಹುಡುಕಿ. ಗೆಳತಿಯ ಮದುವೆಯಲ್ಲೋ, ಯಾವುದೋ ಪ್ರವಾಸದಲ್ಲೋ ಆಕೆಯ ಪತಿ ಆಕೆಗೆ ಗೊತ್ತಿಲ್ಲದ ಹಾಗೆ ನಿಮ್ಮ ಫೋಟೊಗಳ ಅಂಚಿನಲ್ಲಿ ನಿಂತಿರಬಹುದು. ಸಿಕ್ಕಿದರೆ ಒಂದು ಪ್ರತಿ ತೆಗೆಸಿ, ಹಿಂಬದಿಯಲ್ಲಿ ಆ ದಿನದ ಬಗ್ಗೆ ನಿಮಗೆ ನೆನಪಿರುವುದನ್ನು ಬರೆದು, ಲಕೋಟೆ ಅಂಟಿಸಿ ಕೊಡಿ.