ಕತೆ ಬಾಯಿಪಾಠ ಬರ್ತದೆ, ಚಪ್ಪಲಿ ಮಾತ್ರ ಜಾಗದಲ್ಲಿ ಇಡುದಿಲ್ಲ, ಎಂತ ಮಾಡುದು ಟೀಚರ್?

ಪ್ರಶ್ನೆ (ಸುರತ್ಕಲ್‌ನಿಂದ ಒಬ್ಬರು ತಾಯಿ):
ನಮಸ್ತೆ ಟೀಚರ್. ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಜವಾಬ್ದಾರಿ ಕಲೀಲಿ ಅಂತ ಚಿತ್ರದ ಪುಸ್ತಕ ತುಂಬ ತಂದಿದ್ದೇವೆ, ಆಟದ ಸಾಮಾನು ಎತ್ತಿಡದ ಕರಡಿಮರಿಗೆ ಕೊನೆಗೆ ಬೈಗುಳ ಬೀಳ್ತದಲ್ಲ, ಅಂಥ ಕತೆ ಎಲ್ಲ ಅವನಿಗೆ ಬಾಯಿಪಾಠ. "ಇದ್ರಿಂದ ಎಂತ ಕಲ್ತೆ?" ಅಂತ ಕೇಳಿದ್ರೆ ಚಂದ ಮಾಡಿ ಹೇಳ್ತಾನೆ, ಆದ್ರೆ ಈ ಮಳೆಯಲ್ಲಿ ಶಾಲೆಯಿಂದ ಬಂದವ ಕೊಡೆ ಒಂದು ಕಡೆ ಚಪ್ಪಲಿ ಒಂದು ಕಡೆ ಬಿಸಾಡಿ ಒಳಗೆ ಓಡುದೇ. ಪುಸ್ತಕದಿಂದ ಇದೆಲ್ಲ ಕಲಿಸ್ಲಿಕ್ಕೆ ಆಗ್ತದಾ?

ಉತ್ತರ (ಬಾಲವಾಡಿ ಟೀಚರ್, ಉಡುಪಿ):
ಆಗ್ತದೆ ಅಕ್ಕ, ಆದ್ರೆ ಎಂಥ ಪುಸ್ತಕ ಅನ್ನುದು ಮುಖ್ಯ. ಬೈಗುಳ, ಶಿಕ್ಷೆಯಲ್ಲಿ ಮುಗಿಯುವ ಕತೆ ನಾನು ಕ್ಲಾಸಲ್ಲಿ ಓದುದು ಕಡಿಮೆ. 2014ರಲ್ಲಿ ಟೊರಾಂಟೊ ಯೂನಿವರ್ಸಿಟಿಯ ಕಾಂಗ್ ಲೀ ಅವರ ತಂಡ 3ರಿಂದ 7 ವರ್ಷದ ಮಕ್ಕಳಿಗೆ ಕತೆ ಓದಿ ಹೇಳಿ, ಆಮೇಲೆ ಅವರು ನಿಜ ಹೇಳ್ತಾರಾ ಅಂತ ನೋಡಿದ್ರು. ಸುಳ್ಳು ಹೇಳಿದವನಿಗೆ ಕೊನೆಗೆ ಕೆಟ್ಟದಾಗುವ 'ತೋಳ ಬಂತು ತೋಳ' ಕತೆ ಕೇಳಿದ ಮಕ್ಕಳಲ್ಲಿ ವ್ಯತ್ಯಾಸ ಬರ್ಲಿಲ್ಲ, ಮರ ಕಡಿದದ್ದು ನಾನೇ ಅಂತ ಒಪ್ಪಿ ಅಪ್ಪನ ಮೆಚ್ಚುಗೆ ಪಡೆದ ಜಾರ್ಜ್ ವಾಷಿಂಗ್ಟನ್ (ಅಮೆರಿಕದ ಮೊದಲ ಅಧ್ಯಕ್ಷ) ಹುಡುಗನಾಗಿದ್ದಾಗಿನ ಕತೆ ಕೇಳಿದವರು ಮಾತ್ರ ಜಾಸ್ತಿ ನಿಜ ಹೇಳಿದ್ರು. ಅದು ನಿಜ ಹೇಳುವ ವಿಷಯ, ಸಾಮಾನು ಎತ್ತಿಡುದಲ್ಲ, ಆದ್ರೂ ಕ್ಲಾಸಲ್ಲಿ ನನಗೆ ಕಾಣುದೂ ಹಾಗೇ, ಮಗು ಬೈಗುಳ ನೆನಪಿಟ್ಕೊಳ್ತದೆ, ಕೆಲಸ ಮರೀತದೆ.

ಕರಡಿಮರಿ ವಿಷಯಕ್ಕೆ ಬಂದ್ರೆ, ಅದೇ ಯೂನಿವರ್ಸಿಟಿಯವರು 2017ರಲ್ಲಿ ಹಂಚಿಕೊಳ್ಳುವ ಒಂದೇ ಕತೆಯನ್ನು ಎರಡು ರೀತಿ ಚಿತ್ರದಲ್ಲಿ ಓದಿದ್ರು. ಮನುಷ್ಯರ ಚಿತ್ರ ನೋಡಿದ ಮಕ್ಕಳು ಜಾಸ್ತಿ ಸ್ಟಿಕ್ಕರ್ ಹಂಚಿದ್ರು, ಪ್ರಾಣಿಗಳ ಚಿತ್ರ ನೋಡಿದವರಲ್ಲಿ ಹಂಚುದು ಜಾಸ್ತಿ ಆಗ್ಲಿಲ್ಲ. ಕರಡಿ ಪುಸ್ತಕ ಖುಷಿಗೆ ಇರ್ಲಿ, ಅವನ ಪ್ರಾಯದ ಮಕ್ಕಳೇ ಕೆಲಸ ಮಾಡುವ ಪುಸ್ತಕವೂ ತನ್ನಿ.

"ಎಂತ ಕಲ್ತೆ" ಅಂತ ಮಾತ್ರ ದಯವಿಟ್ಟು ಕೇಳ್ಬೇಡಿ, ಅದು ಪರೀಕ್ಷೆ ಆಗ್ತದೆ, ಅವ ನಿಮಗೆ ಬೇಕಾದ ಉತ್ತರ ಕೊಟ್ಟು ಎದ್ದು ಹೋಗ್ತಾನೆ. ಕೋಳಿ ಸಾಕುವ ಮಗುವಿನ ಕತೆ ಆದ್ರೆ ಮಧ್ಯದ ಪುಟದಲ್ಲೇ ನಿಲ್ಸಿ, "ಇವತ್ತು ಯಾರೂ ಕೋಳಿಗೂಡಿನ ಬಾಗಿಲು ಹಾಕದಿದ್ರೆ ರಾತ್ರಿ ಎಂತ ಆಗ್ಬಹುದು?" ಅಂತ ಕೇಳಿ ಸುಮ್ಮನೆ ಕಾಯಿರಿ. ಆ ವಾರವೇ ಮನೆಯಲ್ಲಿ ಒಂದು ಕೆಲಸ ಪೂರ್ತಿ ಅವನಿಗೇ ಕೊಡಿ, ಬೇರೆ ಯಾರಿಗೋ ನಿಜವಾಗಿ ಬೇಕಾದ ಕೆಲಸ, ನಾಯಿಯ ಪಾತ್ರೆಗೆ ನೀರು ಹಾಕುದೋ, ಎಲ್ಲರ ಒದ್ದೆ ಕೊಡೆ ಜಗಲಿಯಲ್ಲಿ ಬಿಡಿಸಿ ಇಡುದೋ. ಮರೆತ್ರೆ ನೀವು ಓಡಿ ಹೋಗಿ ಮಾಡ್ಬೇಡಿ, "ನಾಯಿಯ ಪಾತ್ರೆ ಖಾಲಿ ಉಂಟು ಮಗಾ" ಅಂದ್ರೆ ಸಾಕು. "ಪುಸ್ತಕದ ಹುಡುಗ ನೋಡು ಎಷ್ಟು ಒಳ್ಳೆಯವ" ಅಂತ ಹೋಲಿಸಿದ್ರೆ ಅವನಿಗೆ ಆ ಪುಸ್ತಕವೇ ಬೇಡ ಆಗ್ತದೆ.

ಚಪ್ಪಲಿಗೆ, ಅವನ ಚಪ್ಪಲಿ ರಟ್ಟಿನ ಮೇಲಿಟ್ಟು ಅವನ ಕೈಯಲ್ಲೇ ಗೆರೆ ಎಳೆಸಿ, ಕತ್ತರಿಸಿ ಬಾಗಿಲ ಹತ್ರ ಅಂಟಿಸಿ, ಚಪ್ಪಲಿ ಇಡುವ ಜಾಗ ಅದೇ ಅಂತ ಅವನಿಗೆ ಕಾಣ್ತದೆ.

ಪ್ರಶ್ನೆ (ಕಾಪುವಿನಿಂದ ಒಬ್ಬರು ಅಜ್ಜ):
ಟೀಚರ್, ಇಂಥದ್ದು ಕನ್ನಡದಲ್ಲಿ ಎಲ್ಲಿ ಸಿಗ್ತದೆ? ಮೊಬೈಲಲ್ಲಿ ಓದಿದ್ರೆ ಆಗ್ತದಾ? ಮೊಮ್ಮಗಳು ಮನೆಯಲ್ಲಿ ತುಳುವೇ ಮಾತಾಡುದು.

ಉತ್ತರ:
ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನುವ ವೆಬ್‌ಸೈಟಲ್ಲಿ ಕನ್ನಡ ಚಿತ್ರಪುಸ್ತಕ ಬೇಕಾದಷ್ಟು ಉಂಟು ಅಜ್ಜ, ದುಡ್ಡಿಲ್ಲ. ಸಣ್ಣವರಿಗೆ ಒಂದನೇ ಹಂತದ್ದು ತೆಗೀರಿ. ಪ್ರಿಂಟ್ ತೆಗೀಲಿಕ್ಕೂ ಅನುಮತಿ ಉಂಟು, ಪುಟ ತಿರುಗಿಸುದು ಮಗುವಿನ ಕೈಯಲ್ಲಿರ್ಲಿ ಅಂತ ನಾನು ಪ್ರಿಂಟೇ ತೆಗೆಯುದು. ಮೊಬೈಲಾದ್ರೆ ನಿಮ್ಮ ಕೈಯಲ್ಲೇ ಇರ್ಲಿ, ಅವಳು ಪಕ್ಕದಲ್ಲಿ ಕೂತ್ಕೊಳ್ಳಲಿ. ಓದುದು ಕನ್ನಡದಲ್ಲಿ ಓದಿ, ಚಿತ್ರ ನೋಡಿ ಮಾತಾಡುದು ಧಾರಾಳ ತುಳುವಲ್ಲೇ ಆಗ್ಲಿ.