ಪ್ರೊಫೆಸರ್ ಪೆಂಟಗನ್‌ಗೆ ಹೋಗಿ ಮತ್ತೆ ಪಾಠಕ್ಕೆ ಬರೋದು ಹೇಗೆ?

ಕಪ್ಪುಹಲಗೆ:
ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಪಿನ್ ನಾರಂಗ್ 2022ರ ಮಾರ್ಚ್‌ನಲ್ಲಿ ಪೆಂಟಗನ್ (ಅಲ್ಲಿನ ರಕ್ಷಣಾ ಇಲಾಖೆ) ಸೇರಿ, 2024ರ ಆಗಸ್ಟ್‌ನಲ್ಲಿ ಹೊರಬಂದು ಮತ್ತೆ ಎಂಐಟಿಗೆ ಮರಳಿದರು. ಅಣ್ವಸ್ತ್ರ ತಂತ್ರದ ಬಗ್ಗೆ ಬರೆಯುತ್ತಿದ್ದವರು ಅದರ ಕಡತವನ್ನೇ ನೋಡಿಕೊಂಡರು. ಈ ಹೋಗಿಬರುವ ವ್ಯವಸ್ಥೆ ಹೇಗೆ? ಕೆಲಸ ಉಳಿಯುತ್ತಾ, ಸಂಬಳ ಯಾರದು, ಆಮೇಲೆ ಬರೆಯೋಕೆ ಬಿಡ್ತಾರಾ? ನಮ್ಮಲ್ಲಿ ಈ ದಾರಿ ಯಾಕಿಲ್ಲ?

ಉತ್ತರದ ಕಿಟಕಿ:
ಮೊದಲು ಟೆನ್ಯೂರ್ (ವಿಶ್ವವಿದ್ಯಾಲಯದಲ್ಲಿ ಕಾಯಂ ಹುದ್ದೆ), ಆಮೇಲೆ ವಾಷಿಂಗ್ಟನ್. ಈ ಕ್ರಮ ತಪ್ಪಿಸಿದವರೇ ಹೆಚ್ಚಾಗಿ ಎಡವುವುದು. ಟೆನ್ಯೂರ್ ಸಮಿತಿ ಪುಸ್ತಕ ನೋಡುತ್ತೆ, ಒಳ್ಳೆಯ ಪತ್ರಿಕೆಯ ಲೇಖನ ನೋಡುತ್ತೆ. ಸರ್ಕಾರದೊಳಗೆ ಬರೆದ ರಹಸ್ಯ ಟಿಪ್ಪಣಿಯನ್ನು ಸಮಿತಿಗೆ ತೋರಿಸೋದೇ ಅಪರಾಧ.

ರಜೆ ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸು. ಹೆನ್ರಿ ಕಿಸಿಂಜರ್ 1969ರಲ್ಲಿ ಹಾರ್ವರ್ಡ್ ಬಿಟ್ಟು ಅಧ್ಯಕ್ಷರ ಭದ್ರತಾ ಸಲಹೆಗಾರರಾಗಿ ಹೋದವರು, ರಜೆ ಮುಗಿದಾಗ 1971ರಲ್ಲಿ ಪ್ರಾಧ್ಯಾಪಕ ಹುದ್ದೆಯನ್ನೇ ಬಿಡಬೇಕಾಯಿತು. ಅದೇ ಹಾರ್ವರ್ಡ್‌ನ ರಾಜಕೀಯ ವಿದ್ವಾಂಸ ಜೋಸೆಫ್ ನೈ 1977–79ರಲ್ಲೂ 1993–95ರಲ್ಲೂ ಸರ್ಕಾರಕ್ಕೆ ಹೋಗಿ, ಎರಡೂ ಸಲ ಹೊತ್ತಿಗೆ ಸರಿಯಾಗಿ ಮರಳಿ, ಅಲ್ಲಿನ ಕೆನಡಿ ಸ್ಕೂಲಿನ ಡೀನ್ ಆದರು.

ದಾರಿಗಳು ಮೂರು. ರಾಜಕೀಯ ನೇಮಕವಾದರೆ ವಿಶ್ವವಿದ್ಯಾಲಯದಲ್ಲಿ ವೇತನರಹಿತ ರಜೆ, ಸಂಬಳ ಸರ್ಕಾರದ್ದು. ಸಹಾಯಕ ಕಾರ್ಯದರ್ಶಿ ಹುದ್ದೆಗೆ ಸೆನೆಟ್ ಒಪ್ಪಿಗೆ ಬೇಕು, ತಿಂಗಳುಗಟ್ಟಲೆ ಕಾಯಬೇಕು. ಅದರ ಕೆಳಗಿನ ಪ್ರಿನ್ಸಿಪಲ್ ಡೆಪ್ಯುಟಿಗೆ ಆ ಗೊಡವೆ ಇಲ್ಲ. ನಾರಂಗ್ ಸೇರಿದ್ದು ಅಲ್ಲಿಗೇ. ಎರಡನೆಯದು 1970ರ ಐಪಿಎ (ಇಂಟರ್‌ಗವರ್ನಮೆಂಟಲ್ ಪರ್ಸನೆಲ್ ಆಕ್ಟ್) ಕಾನೂನು: ಎರವಲು ಸೇವೆ ಎರಡು ವರ್ಷ, ಬೇಕಾದರೆ ಇನ್ನೆರಡು. ವಿಶ್ವವಿದ್ಯಾಲಯವೇ ಸಂಬಳ ಕೊಟ್ಟು ಸರ್ಕಾರದಿಂದ ವಸೂಲಿ ಮಾಡಿಕೊಳ್ಳಬಹುದು. ಮೂರನೆಯದು ವಿದೇಶಾಂಗ ನೀತಿಯ ಚಿಂತಕರ ಸಂಸ್ಥೆ ಕೌನ್ಸಿಲ್ ಆನ್ ಫಾರಿನ್ ರಿಲೇಷನ್ಸ್ 1967ರಿಂದ ಕೊಡುತ್ತಿರುವ ಫೆಲೋಶಿಪ್. ಮುಂದೆ ವಿದೇಶಾಂಗ ಕಾರ್ಯದರ್ಶಿಯಾದ ಕಾಂಡೊಲೀಜಾ ರೈಸ್ 1986ರಲ್ಲಿ ಸೇನಾ ಮುಖ್ಯಸ್ಥರ ಜಂಟಿ ಸಮಿತಿಯ ಕಚೇರಿಗೆ ಹೋದದ್ದು ಇದರಿಂದಲೇ.

ಮೊಹರು:
ಮೇಲಿನ ಉತ್ತರದಲ್ಲಿ ಕ್ಲಿಯರೆನ್ಸ್ (ರಹಸ್ಯ ಕಡತ ನೋಡಲು ಬೇಕಾದ ಅನುಮತಿ) ವಿಷಯ ಬಿಟ್ಟುಹೋಗಿದೆ. ಅದಕ್ಕಾಗಿ ತುಂಬುವ ಎಸ್‌ಎಫ್-86 ಫಾರಂನಲ್ಲಿ 10 ವರ್ಷದ ವಿಳಾಸಗಳು, 7 ವರ್ಷದ ವಿದೇಶ ಪ್ರಯಾಣ, ನಿಕಟ ವಿದೇಶಿ ಸಂಪರ್ಕಗಳು ಎಲ್ಲ ಬರಬೇಕು. ಇಸ್ಲಾಮಾಬಾದ್, ಬೀಜಿಂಗ್‌ಗಳಲ್ಲಿ ಸಂದರ್ಶನ ಮಾಡಿದ ಸಂಶೋಧಕರು ತಡವರಿಸುವುದು ಇಲ್ಲಿ. ಪಿಎಚ್‌ಡಿ ಶುರುವಾದ ದಿನದಿಂದಲೇ ದಿನಾಂಕ, ಊರು, ಭೇಟಿಯಾದವರು, ಖರ್ಚು ಕೊಟ್ಟವರು ಅಂತ ಒಂದು ಪಟ್ಟಿ ಇಡಿ. ಸಂಪರ್ಕ ಇದ್ದದ್ದಕ್ಕಿಂತ ಅದನ್ನು ಬರೆಯದೆ ಬಿಟ್ಟದ್ದೇ ಮುಳುವಾಗುತ್ತದೆ.

ಕ್ಲಿಯರೆನ್ಸ್ ಅಮೆರಿಕನ್ ಪ್ರಜೆಗಳಿಗೆ. ಇಲ್ಲಿಂದ ಹೋದವರು ಆ ಪೌರತ್ವ ಪಡೆದರೆ ಭಾರತದ್ದು ಹೋಗುತ್ತದೆ. ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡು ಪೌರತ್ವವಲ್ಲ.

ಬರವಣಿಗೆ: ಗೋಪ್ಯತೆಯ ಒಪ್ಪಂದ ಸಾಯುವ ತನಕ. ಸಂಬಂಧಪಟ್ಟ ಹಸ್ತಪ್ರತಿಯನ್ನು ಪ್ರಕಟಣಾಪೂರ್ವ ಪರಿಶೀಲನೆಗೆ ಕೊಡಬೇಕು. ಸೋರಿಕೆಯಾಗಿ ಪತ್ರಿಕೆಯಲ್ಲಿ ಬಂದ ಸಂಗತಿಯನ್ನೂ ನೀವು 'ಹೌದು' ಅನ್ನುವಂತಿಲ್ಲ. ಹಾಗಾಗಿ ಅರ್ಧ ಬರೆದ ಪುಸ್ತಕವನ್ನು ಸೇರುವ ಮೊದಲೇ ಮುಗಿಸಿ. ಮರಳಿದ ಮೇಲೆ ಪ್ರತಿ ವಾಕ್ಯಕ್ಕೂ ಬಹಿರಂಗ ಆಧಾರ ಕೊಟ್ಟು ಬರೆದರೆ ಪರಿಶೀಲನೆ ಸಲೀಸು.

ಕಡತದ ದಾರ:
'ನಮ್ಮಲ್ಲಿ ಯಾಕಿಲ್ಲ' ಅನ್ನೋದು ಅರ್ಧ ಸರಿ. ಇಲ್ಲಿ ದಾರಿ ಉಲ್ಟಾ: ಅಧಿಕಾರಿಯೇ ವಿದ್ವಾಂಸನಾಗ್ತಾನೆ. ಕೆ. ಸುಬ್ರಹ್ಮಣ್ಯಂ ಐಎಎಸ್‌ನವರು. 1965ರಲ್ಲಿ ಶುರುವಾದ ದೆಹಲಿಯ ರಕ್ಷಣಾ ಅಧ್ಯಯನ ಸಂಸ್ಥೆ ಐಡಿಎಸ್‌ಎಗೆ 1968–75 ಮತ್ತು 1980–87ರಲ್ಲಿ ನಿರ್ದೇಶಕರು. ಆಮೇಲೆ ರಾಷ್ಟ್ರೀಯ ಭದ್ರತಾ ಸಲಹಾ ಮಂಡಳಿಯ ಮೊದಲ ಸಂಚಾಲಕರು. ಆ ಮಂಡಳಿಯ ಅಣ್ವಸ್ತ್ರ ನೀತಿಯ ಕರಡು 1999ರ ಆಗಸ್ಟ್‌ನಲ್ಲಿ ಬಂತು; ಅದೇ ವರ್ಷ ಕಾರ್ಗಿಲ್ ಪರಿಶೀಲನಾ ಸಮಿತಿಗೂ ಅವರೇ ಅಧ್ಯಕ್ಷರು. ಆದರೆ ಮಂಡಳಿಯ ಸಲಹೆಗೆ ಸರ್ಕಾರ ಕಟ್ಟುಬೀಳಬೇಕಿಲ್ಲ.

ವಿಶ್ವವಿದ್ಯಾಲಯದವರಿಗೆ ನಿಜವಾದ ತೊಡಕು ಕಡತವೇ. 25 ವರ್ಷ ದಾಟಿದ ದಾಖಲೆ ರಾಷ್ಟ್ರೀಯ ಪತ್ರಾಗಾರಕ್ಕೆ ಹೋಗಬೇಕೆಂಬ ನಿಯಮ ಇದೆ, ರಕ್ಷಣೆಯ ಕಡತ ಮಾತ್ರ ಸುಲಭಕ್ಕೆ ಹೊರಬರಲ್ಲ. ಕಡತ ನೋಡದವರ ಸಲಹೆಗೆ ಸಚಿವಾಲಯದಲ್ಲಿ ತೂಕ ಕಡಿಮೆ. ಬೆಂಗಳೂರಲ್ಲಿ ಕೂತು ಕೆಲಸ ಮಾಡೋದಾದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ನಿಯಾಸ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಡ್ವಾನ್ಸ್ಡ್ ಸ್ಟಡೀಸ್) ನೋಡಿ. ಕ್ಷಿಪಣಿಗಳಂಥ ವಿಷಯವನ್ನು ಎಂಜಿನಿಯರಿಂಗ್ ಕಡೆಯಿಂದ ಲೆಕ್ಕ ಹಾಕಬಲ್ಲವರಿಗೆ ಅದು ತಕ್ಕ ಜಾಗ. ನಾರಂಗ್ ಅವರ ಮೊದಲ ಪದವಿಯೂ ಕೆಮಿಕಲ್ ಎಂಜಿನಿಯರಿಂಗೇ ಅಲ್ವೇ!

ಕಪ್ಪುಹಲಗೆ:
ಪಟ್ಟಿ ಇಡುವ ವಿಷಯ ಯಾವ ಗೈಡೂ ಹೇಳಿರಲಿಲ್ಲ. ಸಲಹಾ ಟಿಪ್ಪಣಿ ಎಷ್ಟುದ್ದ ಇರಬೇಕು?

ಮೊಹರು:
ಒಂದು ಪುಟ. ಮೊದಲ ಸಾಲಲ್ಲೇ ಏನು ಮಾಡಬೇಕು ಅಂತ ಹೇಳಿ, ಆಮೇಲೆ ಎದುರಾಳಿಯ ಪ್ರತಿಕ್ರಿಯೆ, ಕೊನೆಗೆ ನಿಮ್ಮ ಸಲಹೆ ತಪ್ಪಾದರೆ ಆಗುವ ನಷ್ಟ. ಸಿದ್ಧಾಂತದ ಹೆಸರು ಎಲ್ಲೂ ಬೇಡ.